ಮರಕ್ಕೆ ಕಟ್ಟಿದ ತಗಡು

ಪಾಸಮ್ ಎಂಬ ಪ್ರಾಣಿ ಮರ ಹತ್ತುವುದನ್ನು ಮೊದಲ ಸಲ ನೋಡಿದಾಗ, ಇದಕ್ಕೆ ಬೆಲ್ಟು ಬೇಡವಲ್ಲ ಅಂದುಕೊಂಡೆ. ಮಂಡ್ಯದ ಕಡೆ ಕರೆಂಟ್ ಆಫೀಸಿನಲ್ಲಿ ನಾನು ಲೈನ್‌ಮನ್ ಆಗಿದ್ದವನು. ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ನನ್ನ ಪ್ರಾಯವೆಲ್ಲ ಕಂಬ ಹತ್ತಿ ಇಳಿಯುವುದರಲ್ಲೇ ಹೋಯಿತು. ಹತ್ತುವ ಯಾವ ಜೀವವನ್ನು ಕಂಡರೂ ಅದು ಎಲ್ಲಿ ಕೈ ಹಾಕುತ್ತದೆ, ಎಲ್ಲಿ ಕಾಲು ಊರುತ್ತದೆ ಎಂದು ನೋಡುವುದು ನನಗೆ ಅಭ್ಯಾಸ.

ಮೆಲ್ಬರ್ನಿನ ಕ್ಲೇಟನ್‌ನಲ್ಲಿ ಮಗಳು ಬಾಡಿಗೆಗೆ ಹಿಡಿದಿದ್ದ ಮನೆಯ ಹಿತ್ತಲಲ್ಲಿ ಒಂದು ಹಳೆಯ ನೀಲಗಿರಿ ಮರವಿತ್ತು. ಕತ್ತಲಾಗುವ ಹೊತ್ತಿಗೆ ಪಾಸಮ್ ಅಲ್ಲಿ ಕಾಣಿಸಿಕೊಳ್ಳುತ್ತಿತ್ತು. ಬೆಕ್ಕಿನಷ್ಟು ದೊಡ್ಡದು, ಬೂದು ಬಣ್ಣ, ಮುಂದಕ್ಕೆ ಉಬ್ಬಿದ ಕಣ್ಣು, ಹೊಟ್ಟೆಯಲ್ಲಿ ಮರಿ ಇಟ್ಟುಕೊಳ್ಳುವ ಚೀಲ. ಹತ್ತುವಾಗ ಮುಂದಿನ ಎರಡೂ ಕೈಗಳನ್ನು ಒಟ್ಟಿಗೆ ಚಾಚಿ ಬೊಡ್ಡೆಯನ್ನು ತಬ್ಬಿಕೊಳ್ಳುತ್ತದೆ. ಉಗುರು ತೊಗಟೆಗೆ ಕಚ್ಚಿಕೊಂಡ ಮೇಲೆ ಹಿಂದಿನ ಎರಡೂ ಕಾಲುಗಳನ್ನು ಒಮ್ಮೆಗೇ ಎಳೆದುಕೊಂಡು ಹೊಟ್ಟೆಯ ಕೆಳಗೆ ಊರುತ್ತದೆ. ಮತ್ತೆ ಕೈ, ಮತ್ತೆ ಕಾಲು. ಕುಪ್ಪಳಿಸುತ್ತಾ ಗೋಡೆ ಹತ್ತಿದ ಹಾಗೆ. ಹಿಂಗಾಲಲ್ಲಿ ನಮ್ಮ ಹೆಬ್ಬೆರಳಿನಂಥ ಒಂದು ಬೆರಳಿದೆ, ಅದಕ್ಕೆ ಮಾತ್ರ ಉಗುರಿಲ್ಲ. ಕೊಂಬೆಯನ್ನು ಹಿಡಿಯುವುದು ಅದರಿಂದ. ಬಾಲ ನೋಡಲು ಪೊದೆಯಂತಿದ್ದರೂ ತುದಿಯ ಕೆಳಗೆ ಒಂದು ಬರಿ ಚರ್ಮದ ಪಟ್ಟಿ. ಅದನ್ನು ಕೊಂಬೆಗೆ ಸುತ್ತಿಕೊಂಡರೆ ಎರಡೂ ಕೈ ಊಟಕ್ಕೆ ಬಿಡುವು.

ತಿನ್ನುವುದನ್ನೂ ನೋಡಿದೆ. ಕುಂಡೆಯ ಮೇಲೆ ಕೂತು, ಒಂದು ಕೈಯಲ್ಲಿ ರೆಂಬೆ ಬಗ್ಗಿಸಿ, ಎಲೆ ಮೂಸಿ, ಬೇಕೆನಿಸಿದರೆ ಮಾತ್ರ ಕಚ್ಚುತ್ತದೆ. ಒಂದು ಮರದಲ್ಲೇ ಹೊಟ್ಟೆ ತುಂಬಿಸಿಕೊಳ್ಳುವುದಿಲ್ಲ. ಇಲ್ಲಿ ನಾಲ್ಕು ಎಲೆ ತಿಂದು, ಮನೆಗೆ ಬರುವ ಕರೆಂಟ್ ವೈರಿನ ಮೇಲೆ ನಡೆದು ಪಕ್ಕದ ಮನೆಯ ನಿಂಬೆ ಗಿಡಕ್ಕೆ, ಅಲ್ಲಿಂದ ಬೇಲಿ ಮೇಲೆ ಗುಲಾಬಿಯ ಮೊಗ್ಗಿಗೆ. ನೀಲಗಿರಿ ಎಲೆಯಲ್ಲಿ ನಂಜಿದೆಯಂತೆ, ಅದನ್ನೇ ತಿನ್ನುತ್ತಿದ್ದರೆ ಅದರ ಮೈಗೆ ಆಗುವುದಿಲ್ಲವಂತೆ. ಇದನ್ನು ನನಗೆ ಆಮೇಲೆ ಹೇಳಿದರು. ಕಾರಣ ಗೊತ್ತಿರಲಿಲ್ಲ, ಆದರೆ ಅದು ಒಂದೇ ಮರದಲ್ಲಿ ಉಣ್ಣುವುದಿಲ್ಲ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೆ. ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಆಗ ನಾನು ಮತ್ತು ನನ್ನ ಹೆಂಡತಿ ಅರ್ಧ ವರ್ಷ ಮೆಲ್ಬರ್ನಿನಲ್ಲಿ ಮಗಳ ಮನೆ, ಅರ್ಧ ವರ್ಷ ಸಿಡ್ನಿಯಲ್ಲಿ ಮಗನ ಮನೆ ಎಂದು ಓಡಾಡಿಕೊಂಡಿದ್ದೆವು. ಮಗಳು ಕ್ಲೇಟನ್ ಆಸ್ಪತ್ರೆಯಲ್ಲಿ ನರ್ಸು. ಅಳಿಯನಿಗೆ ಇನ್ನೂ ವೀಸಾ ಆಗಿರಲಿಲ್ಲ. ಅವಳು ಡ್ಯೂಟಿಗೆ ಹೋದರೆ ಮನೆಯಲ್ಲಿ ನಾವಿಬ್ಬರೇ, ಮಾತಿಲ್ಲದೆ.

ಮಹಾಲಯ ಅಮಾವಾಸ್ಯೆ ಬಂತು. ನಮ್ಮಲ್ಲಿ ಅವತ್ತು ಸತ್ತ ಹಿರಿಯರಿಗೆ ಎಡೆ ಇಡುತ್ತೇವೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಬಾಳೆ ಎಲೆಯಲ್ಲಿ ಬಡಿಸಿ, ಮನೆಯ ಮೇಲೋ ಗೋಡೆಯ ಮೇಲೋ ಇಟ್ಟು ಕಾಗೆಗೆ ಕಾಯುವುದು. ಕಾಗೆ ಮುಟ್ಟಿದ ಮೇಲೇ ಮನೆಯವರ ಊಟ. ಮುಟ್ಟದಿದ್ದರೆ ಹಿರಿಯರಿಗೆ ಸಿಟ್ಟು, ಮನಸ್ಸಿನಲ್ಲಿ ಏನೋ ಉಳಿದುಕೊಂಡಿದೆ ಎಂದು ಅರ್ಥ. ನನ್ನ ಹೆಂಡತಿ ಇಂಡಿಯನ್ ಅಂಗಡಿಯಿಂದ ಫ್ರೀಜರಿನ ಬಾಳೆ ಎಲೆ ತರಿಸಿ, ಬಿಸಿನೀರಲ್ಲಿ ಬಾಡಿಸಿ, ನನ್ನ ಅಮ್ಮನಿಗೆಂದು ಕಜ್ಜಾಯ, ವಡೆ, ಅನ್ನ, ಕುಂಬಳಕಾಯಿ ಪಲ್ಯ, ಬಾಳೆಹಣ್ಣು ಬಡಿಸಿ ಬೇಲಿಯ ಪಕ್ಕದ ಇಟ್ಟಿಗೆ ಕಟ್ಟೆಯ ಮೇಲಿಟ್ಟಳು.

ಇಲ್ಲಿಯೂ ಕಾಗೆಗಳಿವೆ. ದೊಡ್ಡವು, ಕೂಗಿದರೆ ಮಗು ರಚ್ಚೆ ಹಿಡಿದ ಹಾಗೆ ಕೇಳುತ್ತದೆ. ಒಂದು ಬಂದು ವೈರಿನ ಮೇಲೆ ಕೂತಿತು. ಎಲೆಯನ್ನು ನೋಡಿತು, ಹಾರಿಹೋಯಿತು. ಮಧ್ಯಾಹ್ನವಾಯಿತು, ಸಂಜೆಯಾಯಿತು.

“ಬಾರೇ, ಉಣ್ಣಾಣ. ಈ ದೇಶದ ಕಾಗೆಗೆ ಕಜ್ಜಾಯ ಗೊತ್ತಿಲ್ಲ,” ಅಂದೆ.

“ನೀವು ಉಣ್ಣಿ. ನಾನು ಉಣ್ಣಲ್ಲ.”

“ನಮ್ಮಮ್ಮ ವೀಸಾ ಮಾಡಿಸ್ಕೊಂಡು ಬರ್ಬೇಕಲ್ಲ, ತಡ ಆಯ್ತದೆ.”

ಅವಳು ನಗಲಿಲ್ಲ. ಬೆಳಕು ಹೋಗುತ್ತಿದ್ದಾಗ ಪಾಸಮ್ ತಲೆ ಕೆಳಗಾಗಿ ಮರ ಇಳಿಯಿತು. ಬೆನ್ನಿನ ಮೇಲೆ ಮರಿ, ರೋಮಕ್ಕೆ ಅಂಟಿಕೊಂಡು. ಕಟ್ಟೆ ಹತ್ತಿ, ಎಲೆಯನ್ನೆಲ್ಲ ಮೂಸಿ, ಬಾಳೆಹಣ್ಣನ್ನು ಎರಡು ಕೈಯಲ್ಲಿ ಹಿಡಿದುಕೊಂಡು ತಿನ್ನತೊಡಗಿತು. ಆಮೇಲೆ ಕುಂಬಳಕಾಯಿ. ನನ್ನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

“ಬಂದ್ರು ಕಣ್ರೀ. ಅತ್ತೆ ಬಂದ್ರು.”

ಅವತ್ತಿನಿಂದ ದಿನಾ ಸಂಜೆ ಅವಳು ತಟ್ಟೆ ಹಿಡಿದುಕೊಂಡು ಹಿತ್ತಲ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಕೆಲವೇ ದಿನಗಳಲ್ಲಿ ಅದು ಅವಳ ಕೈಯಿಂದಲೇ ತಿನ್ನುವಷ್ಟು ಸಲುಗೆಯಾಯಿತು. ನಾನು ಒಮ್ಮೆ ಹಣ್ಣು ಚಾಚಿದೆ. ಕೆಟ್ಟ ಗಂಟಲಿನಲ್ಲಿ ಗುರ್ರೆಂದು ಹಿಂದಕ್ಕೆ ಸರಿಯಿತು. ನನ್ನ ಹೆಂಡತಿ ನನ್ನ ಕಡೆ ತಿರುಗಲೂ ಇಲ್ಲ. “ನಿಮ್ಮ ಕೈದು ತಿನ್ನಲ್ಲ ಬಿಡಿ ಅದು,” ಅಂದಳು.

ಒಂದು ಸಂಜೆ ನಾನು ಬಟ್ಟೆ ಒಗೆಯುವ ಕೋಣೆಯಲ್ಲಿದ್ದೆ. ಆ ಕೋಣೆಯ ಕಿಟಕಿ ಮೆಟ್ಟಿಲ ಕಡೆಗೆ. ಹೊರಗೆ ಅವಳು ಮಾತಾಡುತ್ತಿದ್ದಳು. ನನ್ನ ಜೊತೆ ಎಂದೂ ಆಡದ ದನಿಯಲ್ಲಿ, ಮಗುವಿಗೆ ಉಣ್ಣಿಸುವವರ ದನಿಯಲ್ಲಿ.

“ಇನ್ನೊಂದು ತಿನ್ನಿ ಅತ್ತೆ. ಆಗ್ಲೇ ಉಂಡ್ರಲ್ಲ ಅಂತ ನಾನು ಇನ್ನು ಅನ್ನಲ್ಲ. ಹೊಟ್ಟೆ ತುಂಬ ತಿನ್ನಿ. ಆವಾಗ ಅವರ ಮಾತು ಕೇಳ್ಬಿಟ್ಟೆ. ನನ್ನ ಮೇಲೆ ಸಿಟ್ಟು ಇಟ್ಕೋಬೇಡಿ.”

ಇದನ್ನು ಓದುವವರಿಗೆ ಅವಳು ಯಾವ ಮಾತು ಹೇಳುತ್ತಿದ್ದಳೆಂದು ಗೊತ್ತಾಗಬೇಕಲ್ಲ. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ಹಾಸಿಗೆಯಲ್ಲೇ ಎಲ್ಲ. ಮರೆವು ಬೇರೆ. ನಾನು ಕಂಬದಿಂದ ಇಳಿದು ಮನೆಗೆ ಬಂದರೆ ಆ ವಾಸನೆ. ಒಂದು ದಿನ ಹೆಂಡತಿಗೆ ಹೇಳಿದೆ: ಕೊಟ್ಟಷ್ಟೂ ಹೊರಗೆ ಬರ್ತದೆ, ಹೊತ್ತಿಗೆ ಅರ್ಧ ಲೋಟ ಗಂಜಿ ಸಾಕು. ಅವಳು, “ಹಸಿವು ಅಂತಾರಲ್ರೀ,” ಅಂದಳು. “ಆಗ್ಲೇ ಉಂಡ್ರಲ್ಲ ಅನ್ನು. ಅವಳಿಗೆಲ್ಲಿ ನೆನಪಿರ್ತದೆ,” ಅಂದೆ. ಅವಳು ಹಾಗೇ ಮಾಡಿದಳು. ಅಮ್ಮ ಕೂಗುತ್ತಿದ್ದಳು, ಇವಳು ಬಾಗಿಲಲ್ಲಿ ನಿಂತು ಆಗಲೇ ಉಂಡಿರಲ್ಲ ಅತ್ತೆ ಅನ್ನುತ್ತಿದ್ದಳು. ಅಮ್ಮ, “ಹೌದಾ ಮಗಾ? ಉಂಡ್ನಾ?” ಎಂದು ಸುಮ್ಮನಾಗುತ್ತಿದ್ದಳು. ಮಳೆಗಾಲ ಮುಗಿಯುವುದರೊಳಗೆ ಸತ್ತಳು. ಹೆಣ ತೊಳೆಯುವಾಗ ಊರ ಹೆಂಗಸರು ಅಮ್ಮನ ಮೈ ನೋಡಿ ಸೊಸೆಯ ಮೇಲೆ ಉಗಿದರು. ಅತ್ತೆಗೆ ಕೂಳು ಹಾಕದವಳು ಎಂಬ ಮಾತು ಅವಳ ಹೆಸರಿಗೆ ಅಂಟಿತು. ನಾನು ಹೊರಗೆ ಚಟ್ಟಕ್ಕೆ ಬಿದಿರು ಕಟ್ಟುತ್ತಿದ್ದೆ, ನನಗೆ ಕೇಳಿಸಿತು. ಸುಮ್ಮನಿದ್ದೆ. ಅವಳೂ ಯಾರಿಗೂ ಏನೂ ಹೇಳಲಿಲ್ಲ.

ಅಷ್ಟು ವರ್ಷ ಹೇಳದವಳು ಈಗ ಒಂದು ಪ್ರಾಣಿಗೆ ಹೇಳುತ್ತಿದ್ದಳು. ದಿನಾ ತಟ್ಟೆ ತುಂಬ ಇಟ್ಟುಕೊಂಡು ಹಳೆಯ ಅರ್ಧ ಲೋಟಗಳನ್ನು ತುಂಬಿಸುತ್ತಿದ್ದಳು. ಅದು ತಿನ್ನುವುದನ್ನು ನೋಡಿ ಒಳಗೆ ಬಂದರೆ ಅವಳ ಮುಖ ಹಗುರಾಗಿರುತ್ತಿತ್ತು. ಇಷ್ಟು ನನಗೆ ಅರ್ಥವಾಯಿತು. ಅರ್ಥವಾದದ್ದರಿಂದಲೇ ನನಗೆ ಅದನ್ನು ನಿಲ್ಲಿಸಬೇಕೆನಿಸಿತು.

ಮಗಳಿಗೆ ಹೇಳಿದೆ: “ಪಾಸಮ್ ಸೂರಿನೊಳಗೆ ಸೇರಿಕೊಂಡ್ರೆ ಬಾಡಿಗೆ ಮನೆ ಇನ್ಸ್‌ಪೆಕ್ಷನ್‌ಗೆ ಬರೋ ಏಜೆಂಟು ಸುಮ್ನಿರ್ತಾನಾ? ನಾನು ಮರಕ್ಕೆ ತಗಡು ಕಟ್ತೀನಿ.”

“ಅದಕ್ಕೆ ಹರ್ಟ್ ಆಗಲ್ವಾ ಅಪ್ಪ?”

“ತೆಂಗಿನ ಮರಕ್ಕೆ ಕಟ್ಟಲ್ವಾ ನಾವು? ಇಲಿ ಹತ್ತಬಾರದು ಅಂತ. ಯಾವ ಇಲಿ ಸತ್ತಿದೆ ಅದರಿಂದ?”

ನಮ್ಮ ಕಡೆ ತೆಂಗಿನ ತೋಟದಲ್ಲಿ ನುಣ್ಣನೆ ತಗಡನ್ನು ಎರಡಾಳೆತ್ತರದಲ್ಲಿ ಮರದ ಸುತ್ತ ಹೊಡೆಯುತ್ತಾರೆ. ಇಲಿ ಅಲ್ಲಿಯ ತನಕ ಬಂದು, ಉಗುರು ನಾಟದೆ ಜಾರಿ, ವಾಪಸು ಹೋಗುತ್ತದೆ. ಹಾರ್ಡ್‌ವೇರ್ ಅಂಗಡಿಯಿಂದ ತಗಡು ತಂದೆ. ಮಧ್ಯಾಹ್ನ ಹೆಂಡತಿ ಮಲಗಿದ್ದಾಗ ಏಣಿ ಹಾಕಿ, ಊರಿನ ಲೆಕ್ಕದಲ್ಲೇ ಎರಡಾಳೆತ್ತರದಲ್ಲಿ, ಒಂದೂವರೆ ಮೊಳ ಅಗಲಕ್ಕೆ ಸುತ್ತಿ ಬಿಗಿದೆ. ವೈರಿನ ಹತ್ತಿರ ಚಾಚಿದ್ದ ಕೊಂಬೆಯನ್ನೂ ಕೊಯ್ದೆ. ಇಳಿದು ಬಂದು ನೋಡಿದಾಗ, ಕೆಲಸ ಚೆನ್ನಾಗಿ ಆಗಿದೆ ಎಂದು ಖುಷಿಯೂ ಆಯಿತು.

ತೆಂಗಿನ ಮರದಲ್ಲಿ ಇಲಿ ಬರುವುದು ಕೆಳಗಿನಿಂದ. ಅದೊಂದೇ ನನ್ನ ತಲೆಯಲ್ಲಿದ್ದದ್ದು. ಪಾಸಮ್ ದಿನಾ ಪಕ್ಕದ ಮನೆಯ ಕಡೆಯಿಂದ ನಮ್ಮ ಮರಕ್ಕೆ ಬಂದು ಹೋಗುತ್ತದೆ ಅಂದುಕೊಂಡಿದ್ದೆ. ಅದು ಹಗಲೆಲ್ಲ ಮಲಗುತ್ತಿದ್ದದ್ದು ಇದೇ ಮರದ ಮೇಲಿನ ಪೊಟರೆಯಲ್ಲಿ. ನಾನು ತಗಡು ಬಿಗಿಯುವಾಗ ಅದು ನನ್ನ ತಲೆಯ ಮೇಲೆ ಮರಿಯನ್ನು ತಬ್ಬಿಕೊಂಡು ನಿದ್ದೆ ಮಾಡುತ್ತಿತ್ತು.

ಸಂಜೆ ಹೆಂಡತಿ ತಟ್ಟೆ ತಂದು ಕೂತಳು. ಮೇಲೆ ಕಣ್ಣು ಹೋಯಿತು. ತಗಡನ್ನು ನೋಡಿದಳು, ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದಳು. ಅಷ್ಟರಲ್ಲಿ ಪಾಸಮ್ ತಲೆ ಕೆಳಗಾಗಿ ಇಳಿಯುತ್ತಾ ಬಂತು. ತಗಡಿನ ಅಂಚಿಗೆ ಬಂದು ಒಂದು ಕೈ ಇಟ್ಟಿತು. ಕರ್ರ್ ಎಂದು ಉಗುರು ಜಾರಿತು. ಕೈ ಹಿಂದೆಗೆದುಕೊಂಡಿತು. ಇನ್ನೊಂದು ಬದಿಗೆ ಸುತ್ತಿ ಅಲ್ಲಿ ಕೈ ಇಟ್ಟಿತು. ಮರದ ಸುತ್ತ ಹೀಗೇ ಒಂದು ಸುತ್ತು ಬಂದು ಮೇಲೆ ಹೋಯಿತು. ಕೊಯ್ದ ಕೊಂಬೆಯ ತುದಿಗೆ ನಡೆದು, ವೈರಿನ ಕಡೆ ಮೂಗು ಚಾಚಿ, ಹಿಂದಕ್ಕೆ ಬಂತು. ಹಾರಬಹುದಿತ್ತೇನೋ, ಬೆನ್ನಿನ ಮೇಲೆ ಮರಿ ಇತ್ತು.

ಆಗಲೇ ನನಗೆ ನನ್ನ ತಪ್ಪು ತಿಳಿಯಿತು. ಏಣಿ ಅಲ್ಲೇ ಗೋಡೆಗೆ ಒರಗಿತ್ತು. ತಗಡು ಬಿಚ್ಚಲು ಹೆಚ್ಚು ಹೊತ್ತು ಬೇಕಾಗಿರಲಿಲ್ಲ. ನಾನು ಬಿಚ್ಚಲಿಲ್ಲ. ಅವಳು ಒಂದು ಮಾತು ಕೇಳಲಿ, ಬಿಚ್ಚೋಣ ಅಂದುಕೊಂಡೆ. ಅವಳು ನನ್ನನ್ನು ಬೇಡಬೇಕಿತ್ತು ನನಗೆ.

ಅವಳು ಕೇಳಲಿಲ್ಲ. ನನ್ನ ಹತ್ತಿರ ಕೇಳಿ ಏನೂ ಸಿಗುವುದಿಲ್ಲ ಎಂದು ಅವಳಿಗೆ ಚಿಕ್ಕ ವಯಸ್ಸಿನಲ್ಲೇ ಕಲಿಸಿದ್ದವನು ನಾನೇ.

ಮರುದಿನವೂ ಅದೇ. ಅವಳು ಕಾಗದದಲ್ಲಿ ಸುತ್ತಿದ ಹಣ್ಣಿನ ಚೂರನ್ನು ಮೇಲಕ್ಕೆ ಎಸೆಯಲು ನೋಡಿದಳು. ಮುದುಕಿಯ ಕೈ, ಅರ್ಧಕ್ಕೂ ಹೋಗದೆ ಬೀಳುತ್ತಿತ್ತು. ನಾನು ಒಳಗೆ ಟೀವಿ ಜೋರು ಮಾಡಿದೆ. ಮೇಲೆ ಅದು ಅದೇ ಮರದ ಎಲೆ ಮೂಸುತ್ತಿತ್ತು, ಕಚ್ಚುತ್ತಿತ್ತು, ಉಗಿಯುತ್ತಿತ್ತು. ಆಮೇಲೆ ತೊಗಟೆ ಕೆರೆಯತೊಡಗಿತು. ಮಗಳು ಆ ವಾರ ರಾತ್ರಿ ಪಾಳಿಯಲ್ಲಿದ್ದಳು, ಹಗಲು ಮಲಗುತ್ತಿದ್ದಳು, ಏನೂ ನೋಡಲಿಲ್ಲ. ದಿನ ಕಳೆದ ಹಾಗೆ ಅದು ಇಳಿದು ಬರುವುದು ನಿಧಾನವಾಯಿತು. ತಗಡಿನ ಅಂಚಿನಲ್ಲಿ ಕೂತು ಕೆಳಗಿನ ತಟ್ಟೆಯನ್ನು ನೋಡುತ್ತಿತ್ತು.

“ಅತ್ತೆ, ನಾನು ಕಟ್ಟಿದ್ದಲ್ಲ,” ಅಂತ ಒಂದು ಸಂಜೆ ಅವಳು ಹೇಳಿದ್ದು ಕೇಳಿಸಿತು.

ಕೊನೆಗೆ ಅದು ತಗಡಿನ ಮೇಲೆಯೇ ಇಳಿಯಲು ನೋಡಿತು. ನಾನು ನೋಡುತ್ತಿದ್ದೆ. ಎರಡೂ ಕೈ ಇಟ್ಟು, ಹಿಂಗಾಲನ್ನು ತೊಗಟೆಯಿಂದ ಬಿಟ್ಟಿತು. ಮರದ ಕೆಳಗೆ ಬಟ್ಟೆ ಒಣಹಾಕುವ ಕಬ್ಬಿಣದ ಕಂಬವಿತ್ತು, ಬಿಚ್ಚಿದ ಛತ್ರಿಯ ಕಡ್ಡಿಗಳ ಹಾಗೆ ಸುತ್ತ ತೋಳು ಚಾಚಿದ್ದು. ಆ ತೋಳಿಗೆ ಅದರ ಬೆನ್ನಿನ ಕೆಳಭಾಗ ಬಡಿದ ಸದ್ದು, ಹಸಿ ಕೊಂಬೆ ಮುರಿದ ಸದ್ದು.

ನೆಲಕ್ಕೆ ಬಿದ್ದ ಮೇಲೂ ಸಾಯಲಿಲ್ಲ. ಹಿಂಗಾಲುಗಳೆರಡೂ ಬಟ್ಟೆಯ ಹಾಗೆ ಹಿಂದೆ ಎಳೆದುಕೊಂಡು ಬರುತ್ತಿದ್ದವು. ಮುಂದಿನ ಎರಡು ಕೈಗಳನ್ನು, ಮರ ಹತ್ತುವಾಗ ಚಾಚುವ ಹಾಗೆಯೇ ಒಟ್ಟಿಗೆ ಚಾಚಿ, ಹುಲ್ಲಿಗೆ ಉಗುರು ನಾಟಿಸಿ, ಮೈ ಎಳೆದುಕೊಂಡಿತು. ಮತ್ತೆ ಚಾಚಿತು. ಮೆಟ್ಟಿಲ ಹತ್ತಿರ, ತಟ್ಟೆಯ ಹತ್ತಿರ ಬಂತು. ಮರಿ ಇನ್ನೂ ಬೆನ್ನಿಗೆ ಅಂಟಿಕೊಂಡಿತ್ತು. ನನ್ನ ಹೆಂಡತಿ ಬಾಳೆಹಣ್ಣು ಸುಲಿದು ಬಾಯಿಗಿಟ್ಟಳು. ಅದು ತಿಂದಿತು. ಹಾಗೆ ಮುರಿದು ಬಿದ್ದುಕೊಂಡು, ಪೂರ್ತಿ ಒಂದು ಹಣ್ಣು ತಿಂದಿತು. ಅವಳು ಇನ್ನೊಂದನ್ನು ಸುಲಿದಳು.

ಮಗಳು ಎದ್ದು ಬಂದು ಫೋನ್ ಮಾಡಿದಳು. ಕಾಡುಪ್ರಾಣಿಗಳನ್ನು ಕಾಪಾಡುವ ಒಬ್ಬ ಹೆಂಗಸು ಟವೆಲ್ಲು, ಪೆಟ್ಟಿಗೆ ತಂದಳು. ಮುಟ್ಟಿ ನೋಡಿ ತಲೆಯಾಡಿಸಿದಳು. ಇದನ್ನು ಡಾಕ್ಟರು ಸೂಜಿ ಕೊಟ್ಟು ಕೊನೆಯ ನಿದ್ದೆ ಮಾಡಿಸಬೇಕು, ಮರಿ ಉಳಿಯಬಹುದು ಎಂದಳು. ಆಮೇಲೆ ಮರದ ಕಡೆ ತಿರುಗಿ, ಆ ತಗಡು ಕಟ್ಟಿದ್ದು ಯಾರು ಎಂದು ಕೇಳಿದಳು.

ನನ್ನ ಹೆಂಡತಿಗೆ ಇಂಗ್ಲಿಷ್ ಬರುವುದಿಲ್ಲ. ಅಂಗಡಿಯಲ್ಲಿ, ಬಸ್ಸಿನಲ್ಲಿ ಕಲಿತ ನಾಲ್ಕು ಮಾತು. ಅವಳು ಕೈ ಎತ್ತಿ ನನ್ನನ್ನು ತೋರಿಸಿದಳು.

“ಹೀ,” ಅಂದಳು. “ಹೀ ಡೂ.”

ಅಮ್ಮನ ಹೆಣದ ಮುಂದೆ ಹೇಳಬೇಕಾಗಿದ್ದ ಮಾತು. ಆ ಬಿಳಿ ಹೆಂಗಸು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಮರಿಯನ್ನು ರೋಮದಿಂದ ಒಂದೊಂದೇ ಬೆರಳು ಬಿಡಿಸಿ ತಾನು ತಂದಿದ್ದ ಬಟ್ಟೆಯ ಚೀಲದೊಳಗೆ ಹಾಕಿಕೊಂಡಳು. ಅದು ಕೈ ಬಿಡಲಿಲ್ಲ, ಬಿಡಿಸುವುದಕ್ಕೆ ಹೊತ್ತು ಹಿಡಿಯಿತು.

ಮಾರನೆಯ ದಿನ ನನ್ನ ಹೆಂಡತಿ ಮಗಳಿಗೆ, “ನನ್ನನ್ನು ಸಿಡ್ನಿಗೆ ಕಳಿಸು,” ಅಂದಳು.

“ಅಪ್ಪ?”

“ಅವರು ತಗಡು ಕಾಯ್ಕೊಂಡು ಇರ್ಲಿ.”

ಅವಳು ಹೋದ ಮೇಲೆ ನಾನು ತಗಡು ಬಿಚ್ಚಿದೆ. ಅದರ ಮೇಲಿನ ಅಂಚಿನ ಸುತ್ತ ಉಗುರು ಗೀರಿದ ಬಿಳಿ ಗೆರೆಗಳು. ಬಿಚ್ಚಿದ ಮೇಲೆ ಯಾವ ಪಾಸಮ್ಮೂ ಬರಲಿಲ್ಲ. ಮಗಳು ಅಡಿಗೆ ಮಾಡಿ ಫ್ರಿಜ್ಜಿನಲ್ಲಿಟ್ಟು ಹೋಗುತ್ತಿದ್ದಳು, ನಾನು ಬಿಸಿ ಮಾಡಿಕೊಂಡು ಉಣ್ಣುತ್ತಿದ್ದೆ. ಚಳಿಗಾಲದಲ್ಲಿ ನನಗೆ ಮಂಡಿ ನೋವು ಹೆಚ್ಚಾಗಿ, ಮಗನೇ ಬಂದು ಸಿಡ್ನಿಗೆ ಕರೆದುಕೊಂಡು ಹೋದ.

ಮಗನ ಮನೆ ಸ್ಕೋಫೀಲ್ಡ್ಸ್‌ನಲ್ಲಿ. ಹೊಸ ಬಡಾವಣೆ. ಅವನು ಬೆಳಿಗ್ಗೆ ಕತ್ತಲಿರುವಾಗಲೇ ಮ್ಯಾಕ್ವೆರಿ ಪಾರ್ಕಿನ ಆಫೀಸಿಗೆ ಕಾರು ತೆಗೆಯುತ್ತಾನೆ. ಅಲ್ಲಿ ಕರೆಂಟ್ ವೈರೆಲ್ಲ ನೆಲದೊಳಗೆ. ಬೀದಿಯುದ್ದಕ್ಕೂ ಗೂಟಕ್ಕೆ ಕಟ್ಟಿದ ಸಸಿಗಳು, ಗುಬ್ಬಿ ಕೂತರೂ ಬಗ್ಗುವಂಥವು. ಹತ್ತುವ ಪ್ರಾಣಿಗೆ ಹತ್ತಲು ಏನೂ ಇಲ್ಲ. ನನ್ನ ಹೆಂಡತಿ ನನಗೆ ಕಾಫಿ ಕೊಡುತ್ತಿದ್ದಳು, ಮಾತ್ರೆ ಕೊಡುತ್ತಿದ್ದಳು. ಬೇಕಾದಷ್ಟೇ ಮಾತು. ಕ್ಷಮಿಸು ಅನ್ನಬೇಕು ಎಂದು ಎಷ್ಟೋ ಸಲ ಅಡಿಗೆಮನೆಯ ತನಕ ಹೋಗಿ, ನೀರು ಕುಡಿದು ವಾಪಸು ಬಂದೆ.

ಮತ್ತೆ ಮಹಾಲಯ ಅಮಾವಾಸ್ಯೆ ಬಂತು. ಅವಳು ಮತ್ತೆ ಕಜ್ಜಾಯ, ವಡೆ, ಕುಂಬಳಕಾಯಿ ಪಲ್ಯ ಮಾಡಿದಳು. ಹಿತ್ತಲ ತಗಡಿನ ಬೇಲಿಯ ಪಕ್ಕ ಸ್ಟೂಲು ಹಾಕಿ ಎಲೆ ಇಟ್ಟಳು. ಮೊಮ್ಮಗಳು ಬಂದು, “ಹೂ ಈಸ್ ದಟ್ ಫಾರ್, ಅಜ್ಜಿ?” ಅಂದಳು. “ಮುತ್ತಜ್ಜಿಗೆ,” ಅಂದಳು ಇವಳು. ಕಾಗೆ ಬರಲಿಲ್ಲ. ಯಾವ ಹಕ್ಕಿಯೂ ಇಳಿಯಲಿಲ್ಲ. ಮಗ, ಸೊಸೆ ಕಾದು ಕಾದು ಮಗುವಿಗೆ ಉಣ್ಣಿಸಿ ತಾವೂ ಉಂಡರು. ಅವಳು ಉಣ್ಣಲಿಲ್ಲ. ನಾನೂ ಉಣ್ಣಲಿಲ್ಲ. ಬೇಲಿಯ ಆಚೆ ಸಾಲು ಸಾಲು ಕಪ್ಪು ಹೆಂಚಿನ ಮನೆಗಳು, ಅವುಗಳ ಮೇಲೆ ಬೆಳಕು ಇಳಿಯುತ್ತಾ ಹೋಯಿತು.

ಸೂರ್ಯ ಮುಳುಗಿದ ಮೇಲೆ ಅವಳು ಎದ್ದು ಎಲೆಯನ್ನು ಎತ್ತಿಕೊಂಡು ಬಂದಳು. ಬಿಸಾಡುತ್ತಾಳೆ ಅಂದುಕೊಂಡೆ. ನನ್ನ ಮುಂದೆ ಇಟ್ಟಳು.

“ನೀವೇ ತಿನ್ನಿ.”

ನಮ್ಮಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ಕಾಗೆ ಮುಟ್ಟದ ಎಡೆಯನ್ನು ಮನೆಯವರು ಮುಟ್ಟುವುದಿಲ್ಲ, ಅದು ಸತ್ತವರು ಒಲ್ಲೆ ಅಂದ ಕೂಳು. ಆಕಳಿಗೋ ಹೊಳೆಗೋ ಹಾಕುತ್ತಾರೆ.

“ಇದನ್ನಾ?” ಅಂದೆ.

“ಬರೋರು ಯಾರೂ ಇಲ್ಲ. ಬರೋ ದಾರಿ ಇಲ್ಲ. ನಿಮ್ಮಮ್ಮನ ಪಾಲು, ನೀವೇ ತಿನ್ನಿ.”

“ಬೇಡ ಕಣೇ. ಹಸಿವಿಲ್ಲ.”

“ಬೆಳಿಗ್ಗೆಯಿಂದ ಉಂಡಿಲ್ಲ ನೀವು. ನಂಗೆ ನೆನಪಿದೆ.”

ಅವಳು ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು. ಇಡೀ ದಿನ ಗಾಳಿಗೆ ಒಣಗಿದ ಅನ್ನ ಗಟ್ಟಿಯಾಗಿತ್ತು. ಎಲೆಯ ಅಂಚಿನಲ್ಲಿ ಇರುವೆಗಳಿದ್ದವು. ಮೊದಲ ತುತ್ತನ್ನು ಅಗಿಯುತ್ತಲೇ ಇದ್ದೆ. ಅವಳು ನೀರು ಕೊಟ್ಟಳು, ತುಂಬಿದ ಲೋಟ. ವಡೆ ತಿಂದೆ, ಪಲ್ಯ ತಿಂದೆ, ಕಜ್ಜಾಯ ತಿಂದೆ. ಸಾಕು ಎಂದು ಒಮ್ಮೆ ತಲೆ ಎತ್ತಿದೆ. ಅವಳು ಕಣ್ಣು ಕದಲಿಸದೆ ಬಾಳೆಹಣ್ಣನ್ನು ನನ್ನ ಕಡೆ ತಳ್ಳಿದಳು. ಸಿಪ್ಪೆ ಕಪ್ಪಾಗಿತ್ತು. ಅದನ್ನು ಸುಲಿದು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅವಳು ನೋಡುತ್ತಿದ್ದಳು. ಮುಗಿಯುವ ತನಕ ನೋಡಿದಳು.